ಫೈಬ್ರಿನ್ ನಾಳ ನಿಲ್ಲೋದಿಲ್ಲ ಅಂದಿದ್ದರು, ನಿಂತಿತು

ಕೊನೆಗೂ ನಿಂತಿತು. ಲ್ಯಾಬಿನಲ್ಲಿ ನಾವು ಬೆಳೆಸಿದ ರಕ್ತನಾಳ: ನಾಲ್ಕು ಮಿಲಿಮೀಟರ್ ಒಳವ್ಯಾಸ, ಬೆರಳುದ್ದ, ಬರೀ ಫೈಬ್ರಿನ್ (ರಕ್ತದ ಹೆಪ್ಪನ್ನು ಕಟ್ಟುವ ಪ್ರೋಟೀನ್ ಎಳೆ) ಜೆಲ್‌ನಿಂದ ಶುರುವಾದದ್ದು. ಒಡೆಯುವ ಮುಂಚೆ ಹತ್ತಿರ ಹತ್ತಿರ 1500 ಮಿಲಿಮೀಟರ್ ಪಾದರಸದ ಒತ್ತಡ ತಡೆದುಕೊಂಡಿತು. ಕಾರಿನ ಟೈರಿಗೆ ಹಾಕಿಸುವ ಗಾಳಿಯ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಬೈಪಾಸ್‌ಗೆ ಕಾಲಿನಿಂದ ತೆಗೆಯುವ ಸಫೀನಸ್ ವೇನ್ ಸುಮಾರು 1600ರಿಂದ 2200ರೊಳಗೆ ಒಡೆಯುತ್ತದೆ ಅಂತ ನಾವೆಲ್ಲ ಓದಿದ್ದೇವೆ. ಅಲ್ಲಿಗೆ ಇನ್ನೂ ಪೂರ್ತಿ ಮುಟ್ಟಿಲ್ಲ, ಆದರೆ ದೂರವೂ ಇಲ್ಲ. ಒಂದೇ ನಾಳ ಹೀಗೆ ಬಂದಿದ್ದರೆ ಸುಮ್ಮನಿರುತ್ತಿದ್ದೆ. ಬೇರೆ ಬೇರೆ ಹೊಕ್ಕುಳಬಳ್ಳಿಗಳ ಸೆಲ್ಸ್‌ನಿಂದ, ಅಂದರೆ ಜೀವಕೋಶಗಳಿಂದ ಮಾಡಿದವೂ ಈಗ 1200ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ಹಣ ಕೇಳಲು ಹೋದಾಗ ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಫೈಬ್ರಿನ್ ಅಂದ್ರೆ ಹೆಪ್ಪುಗಟ್ಟಿದ ರಕ್ತ ತಾನೇ? ಕರಗೋದೇ ಅದರ ಕೆಲಸ. ಕರಗೋ ಸಾಮಾನಿನಲ್ಲಿ ಪೈಪ್ ಮಾಡ್ತೀರಾ?" ಇನ್ನೊಬ್ಬರು ಹೊರದೇಶದ ಬಯೋರಿಯಾಕ್ಟರ್ (ಟಿಶ್ಯೂ ಬೆಳೆಸುವ ಯಂತ್ರ) ಇಲ್ಲದೆ ಇದನ್ನು ಶುರುಮಾಡುವುದೇ ದಂಡ ಅಂದರು. ನಮ್ಮ ಮಹಡಿಯಲ್ಲೇ ಕೆಲಸ ಮಾಡುವ ಗೆಳೆಯ ಮಾತ್ರ ನೇರವಾಗಿ ಹೇಳಿದ: ಎಲೆಕ್ಟ್ರೋಸ್ಪಿನ್ನಿಂಗ್ (ವಿದ್ಯುತ್ತಿನಿಂದ ಪಾಲಿಮರ್ ಎಳೆ ನೂಲುವುದು) ಮಾಡು ಮಾರಾಯಾ, ಆರು ತಿಂಗಳಿಗೆ ಪೇಪರ್ ಬರುತ್ತೆ. ಅವನು ಹೇಳಿದ್ದು ಸುಳ್ಳೇನಲ್ಲ, ಅವನಿಗೆ ಬಂತು.

ಇದು ನನ್ನ ಸ್ವಂತ ಉಪಾಯ ಅಂತ ಹೇಳಿಕೊಳ್ಳುತ್ತಿಲ್ಲ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ರಾಬರ್ಟ್ ಟ್ರಾಂಕ್ವಿಲ್ಲೊ ಅವರ ಗುಂಪು ಫೈಬ್ರಿನ್ ನಾಳವನ್ನು ಹಿಗ್ಗಿಸಿ ಹಿಗ್ಗಿಸಿ ಬೆಳೆಸುವುದನ್ನು ಎಷ್ಟೋ ವರ್ಷದಿಂದ ಮಾಡುತ್ತಿದೆ. ಅದಕ್ಕೂ ಹಿಂದೆ 1986ರಲ್ಲಿ ವೈನ್‌ಬರ್ಗ್ ಮತ್ತು ಬೆಲ್ ಕೊಲಾಜನ್ (ಮೈಯ ಟಿಶ್ಯೂಗೆ ಬಲ ಕೊಡುವ ಪ್ರೋಟೀನ್) ಜೆಲ್‌ನಲ್ಲಿ ಮಾಡಿದರು. ಅದಕ್ಕೆ ಬಲ ಸಾಲದೆ ಡೇಕ್ರಾನ್ ಅನ್ನುವ ಪಾಲಿಯೆಸ್ಟರ್ ಬಲೆ ತೊಡಿಸಬೇಕಾಯಿತು. 1998ರಲ್ಲಿ ಲ'ಯೂರೋ ಬರೀ ಸೆಲ್ ಹಾಳೆ ಸುತ್ತಿ ಒಡೆಯುವ ಒತ್ತಡವನ್ನು 2000 ದಾಟಿಸಿದರು. 1999ರಲ್ಲಿ ಲಾರಾ ನಿಕ್ಲಾಸನ್ ಪಾಲಿಗ್ಲೈಕಾಲಿಕ್ ಆಸಿಡ್ ಅನ್ನುವ ಕರಗುವ ಪಾಲಿಮರ್ ಬಲೆಯ ಮೇಲೆ, ನಾಡಿಯಂತೆ ಮಿಡಿಯುವ ಪಂಪಿನಲ್ಲಿ, ಎಂಟು ವಾರದಲ್ಲಿ ಹಸುವಿನ ಸೆಲ್ಸ್‌ನ ನಾಳ ಬೆಳೆಸಿದರು. ಅದೇ ದಾರಿ ಮುಂದುವರಿದು 2024ರ ಡಿಸೆಂಬರಿನಲ್ಲಿ ಹ್ಯೂಮಸೈಟ್ ಕಂಪನಿಯ ಸಿಮ್ವೆಸ್ ಅನ್ನುವ ನಾಳಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು, ಕೈಕಾಲಿಗೆ ಗಾಯವಾಗಿ ಹಾಳಾದ ನಾಳಗಳ ಬದಲಿಗೆ ಹಾಕಲು. ಬಿಡುಗಡೆಯಾದಾಗ ಒಂದರ ಬೆಲೆ 29,500 ಡಾಲರ್. ನಮ್ಮಲ್ಲಿ ಡಯಾಲಿಸಿಸ್‌ಗೆ ಬಂದು ಇಂಥ ನಾಳ ಬೇಕಾಗುವವರ ಮನೆಯವರಿಗೆ ಈ ಬೆಲೆ ಹೇಳಿ ನೋಡಿ.

ಹಾಗಾಗಿ ನನ್ನ ಹಟ ಇಷ್ಟೇ ಇತ್ತು. ಬೆಂಗಳೂರಿನಲ್ಲಿ ಕೈಗೆ ಸಿಗುವ ಸಾಮಾನಿನಿಂದ, ಹೊಕ್ಕುಳಬಳ್ಳಿ, ಅವಧಿ ಮುಗಿದ ಪ್ಲಾಸ್ಮಾ, ಜೆಸಿ ರಸ್ತೆಯ ಮೋಟರ್ ಇಟ್ಟುಕೊಂಡು ಇದು ಆಗುತ್ತದೋ ಇಲ್ಲವೋ ನೋಡುವುದು.

ಸೆಲ್ಸ್ ವಿಷಯ ಬೇಗ ಮುಗಿಸುತ್ತೇನೆ. ಶುರುವಿನಲ್ಲಿ ಎಲ್ಲರಂತೆ ಬಳ್ಳಿಯ ಆರ್ಟರಿಯಿಂದ ನಾಳದ ಗೋಡೆಯ ಸ್ನಾಯುವಿನ ಸೆಲ್ಸ್, ಅಂದರೆ ಸ್ಮೂತ್ ಮಸಲ್ ಸೆಲ್ಸ್ ತೆಗೆದೆವು. ಚೂರು ಮಾಡಿ ಫ್ಲಾಸ್ಕಿಗೆ ಅಂಟಿಸಿ ಕಾಯುವುದು. ಎರಡು ವಾರಕ್ಕೆ ಅಂಚಿನಿಂದ ಹೊರಗೆ ಬರುತ್ತವೆ. ನೋಡಲು ಚೆಂದ, ಆದರೆ ನಾಲ್ಕೈದು ಪ್ಯಾಸೇಜ್ (ಹೊಸ ಫ್ಲಾಸ್ಕಿಗೆ ಬದಲಿಸುವುದು) ಆದಮೇಲೆ ಸೋಮಾರಿಯಾಗುತ್ತವೆ, ಕೊಲಾಜನ್ ಬಿಡುವುದೇ ಇಲ್ಲ. ಆರೇಳು ತಿಂಗಳು ಅವುಗಳ ಹಿಂದೆ ಸುತ್ತಿದ್ದು ವ್ಯರ್ಥ. ಆಮೇಲೆ ಅದೇ ಬಳ್ಳಿಯ ಲೋಳೆಯಿಂದ, ಅಂದರೆ ನಾವೆಲ್ಲ ವೇಸ್ಟ್ ಡಬ್ಬಕ್ಕೆ ಹಾಕುತ್ತಿದ್ದ ವಾರ್ಟನ್ಸ್ ಜೆಲ್ಲಿಯಿಂದ ಸೆಲ್ಸ್ ತೆಗೆದೆವು. ಅವು ಬೆಳೆಯುವುದೂ ಜಾಸ್ತಿ, ಕೊಲಾಜನ್ ಬಿಡುವುದೂ ಜಾಸ್ತಿ. ಒಂದೇ ಬಳ್ಳಿಯಿಂದ ಗೋಡೆಗೆ ಬೇಕಾದ ಸೆಲ್ಸ್, ಒಳಪದರಕ್ಕೆ ಬೇಕಾದ ಎಂಡೋಥೀಲಿಯಲ್ ಸೆಲ್ಸ್ ಎರಡೂ ಸಿಕ್ಕವು. ಒಳಪದರದ ಸೆಲ್ಸ್ ಬಿಡಿಸಲು ಬಳ್ಳಿಯ ವೇನ್‌ಗೆ ಕ್ಯಾನ್ಯೂಲಾ ಹಾಕಿ ಕೊಲಾಜನೇಸ್ ಎಂಜೈಮ್ ತುಂಬಿಸಿ ಹತ್ತು ಹದಿನೈದು ನಿಮಿಷ ಇಡುವ ವಿಧಾನ 1973ರಿಂದ ಬದಲಾಗಿಲ್ಲ, ಅದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಒಂದು ಮಾತು ಮಾತ್ರ. ಸಿಸೇರಿಯನ್ ಬಳ್ಳಿಯೇ ಬೇಕು ಅಂತ ಕೇಳಿ. ಸಹಜ ಹೆರಿಗೆಯ ಬಳ್ಳಿಗಳಲ್ಲಿ ನಮಗೆ ಮೂರರಲ್ಲಿ ಒಂದು ಕೆಡುತ್ತಿತ್ತು. ಒಪ್ಪಿಗೆ ಪತ್ರ ಕನ್ನಡದಲ್ಲಿ, ತಾಯಂದಿರು ಓದಿದರೆ ತಿಳಿಯುವ ಕನ್ನಡದಲ್ಲಿ ಇರಲಿ. ನಮ್ಮ ಮೊದಲ ಪತ್ರ ಓದಿದ ಬಾಣಂತಿಯೊಬ್ಬರು ಮಗುವಿಗೆ ಏನೋ ಆಪರೇಷನ್ ಅಂತ ತಿಳಿದು ಅತ್ತುಬಿಟ್ಟರಂತೆ. ಎಥಿಕ್ಸ್ ಕಮಿಟಿ ಒಪ್ಪಿದ್ದ ಪತ್ರವೇ ಅದು. ಮತ್ತೆ ಬರೆದು ಮತ್ತೆ ಒಪ್ಪಿಗೆ ಪಡೆಯುವಷ್ಟರಲ್ಲಿ ಎರಡು ತಿಂಗಳು ಹೋಯಿತು.

ಈಗ ದುಡ್ಡು ಉಳಿದ ಜಾಗಕ್ಕೆ ಬರುತ್ತೇನೆ. ಶುದ್ಧ ಫೈಬ್ರಿನೋಜನ್ (ಫೈಬ್ರಿನ್ ಆಗುವ ಪ್ರೋಟೀನ್) ತರಿಸಿದರೆ ಒಂದು ಗ್ರಾಂಗೆ ಹದಿನೈದು ಇಪ್ಪತ್ತು ಸಾವಿರ ಹೋಗುತ್ತಿತ್ತು, ಬರಲು ಎರಡು ತಿಂಗಳು, ಬಂದಾಗ ಡ್ರೈ ಐಸ್ ಇದೆಯೋ ಇಲ್ಲವೋ ದೇವರೇ ಬಲ್ಲ. ಒಂದು ಸಲ ಕಸ್ಟಮ್ಸ್‌ನಲ್ಲಿ ನಿಂತು ಬಿಸಿ ಬಿಸಿಯಾಗಿ ಬಂತು. ಅವತ್ತೇ ತೀರ್ಮಾನ ಮಾಡಿದೆ, ಬ್ಲಡ್ ಬ್ಯಾಂಕಿಗೆ ಹೋಗೋಣ ಅಂತ.

ಫ್ರೆಶ್ ಫ್ರೋಜನ್ ಪ್ಲಾಸ್ಮಾ ಚೀಲಗಳಿಗೆ ಒಂದು ವರ್ಷದ ಅವಧಿ. ಮುಗಿದರೆ ರೋಗಿಗಳಿಗೆ ಕೊಡುವಂತಿಲ್ಲ. ಎಚ್ಐವಿ, ಹೆಪಟೈಟಿಸ್ ಪರೀಕ್ಷೆ ಎಲ್ಲ ಆಗಿಯೇ ಇರುತ್ತದೆ. ಲಿಖಿತ ಒಪ್ಪಿಗೆ ಪಡೆದು ಅಂಥ ಚೀಲಗಳನ್ನು ತಂದೆವು. ನಾಲ್ಕು ಡಿಗ್ರಿ ಫ್ರಿಜ್ಜಿನಲ್ಲಿ ರಾತ್ರಿಯಿಡೀ ನಿಧಾನ ಕರಗಿಸಿ, ಇನ್ನೂ ಚೂರು ಮಂಜು ಉಳಿದಿರುವಾಗಲೇ ತಣ್ಣಗೆ ಸೆಂಟ್ರಿಫ್ಯೂಜ್‌ನಲ್ಲಿ ಸ್ಪಿನ್ ಮಾಡಿದರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಅದೇ ಕ್ರಯೋಪ್ರೆಸಿಪಿಟೇಟ್. ಬ್ಲಡ್ ಬ್ಯಾಂಕಿನವರು ದಿನಾ ಮಾಡುವ ಕೆಲಸ, ನಾವು ಲ್ಯಾಬಿನವರು ಮರೆತಿದ್ದೇವೆ ಅಷ್ಟೇ. ಒಂದು ಚೀಲಕ್ಕೆ 150ರಿಂದ 250 ಮಿಲಿಗ್ರಾಂ ಫೈಬ್ರಿನೋಜನ್ ಸಿಗುತ್ತದೆ. ಜೆಲ್‌ಗೆ ಮಿಲಿಲೀಟರಿಗೆ ಮೂರು ನಾಲ್ಕು ಮಿಲಿಗ್ರಾಂ ಸಾಕು, ಹಾಗಾಗಿ ಒಂದು ಚೀಲದಲ್ಲಿ ಹತ್ತಿಪ್ಪತ್ತು ನಾಳ ಆರಾಮಾಗಿ ಆಗುತ್ತದೆ. ಖರ್ಚು? ಆಟೋ ಬಾಡಿಗೆ.

ಕ್ರಯೋ ಕೊಳಕು ಸಾಮಾನು, ಶುದ್ಧ ಪ್ರೋಟೀನ್ ಅಲ್ಲ, ಡೇಟಾ ಕೆಡುತ್ತೆ ಅಂತ ಬಹಳ ಜನ ಹೇಳಿದರು. ನಮಗೆ ಉಲ್ಟಾ ಆಯಿತು. ಕ್ರಯೋದಲ್ಲಿ ಫ್ಯಾಕ್ಟರ್ 13 ಇರುತ್ತದೆ, ಎಳೆಗಳನ್ನು ಒಂದಕ್ಕೊಂದು ಹೆಣೆಯುವುದು ಅದೇ. ಫೈಬ್ರೊನೆಕ್ಟಿನ್ ಇರುತ್ತದೆ, ಸೆಲ್ಸ್ ಅದನ್ನು ಹಿಡಿದುಕೊಳ್ಳುತ್ತವೆ. ಶುದ್ಧ ಫೈಬ್ರಿನೋಜನ್‌ನಲ್ಲಿ ಮಾಡಿದ ಜೆಲ್ ಕೈಯಲ್ಲಿ ಹಿಡಿದರೆ ಜಾರುತ್ತಿತ್ತು, ಇದು ಗಟ್ಟಿ. ಆದರೆ ಎರಡು ತೊಂದರೆ ಇವೆ. ಚೀಲದಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿದ ಸಿಟ್ರೇಟ್ ಇರುವುದರಿಂದ, ಅದು ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ, ಪುಸ್ತಕದಲ್ಲಿ ಬರೆದಷ್ಟು ಕ್ಯಾಲ್ಸಿಯಂ ಹಾಕಿದರೆ ಹೆಪ್ಪು ಸರಿಯಾಗಿ ಆಗುವುದಿಲ್ಲ, ಜಾಸ್ತಿ ಬೇಕು. ಎಷ್ಟು ಜಾಸ್ತಿ ಅಂತ ಪ್ರತಿ ಚೀಲಕ್ಕೂ ಒಂದು ಚಿಕ್ಕ ಟ್ಯೂಬಿನಲ್ಲಿ ನೋಡಿಕೊಳ್ಳಿ. ಜೊತೆಗೆ ಆಸ್ಪತ್ರೆ ಲ್ಯಾಬಿನಲ್ಲಿ ಕ್ಲೌಸ್ ವಿಧಾನದಲ್ಲಿ ಫೈಬ್ರಿನೋಜನ್ ಅಳೆಸಿಕೊಳ್ಳಿ, ಕಣ್ಣಂದಾಜು ಬೇಡ.

ಎರಡನೆಯ ತೊಂದರೆ ದೊಡ್ಡದು. ಕ್ರಯೋದಲ್ಲಿ ಪ್ಲಾಸ್ಮಿನೋಜನ್ ಕೂಡ ಬರುತ್ತದೆ, ಫೈಬ್ರಿನ್ ಕರಗುವುದು ಅದರಿಂದಲೇ. ಸಮಿತಿಯ ಹಿರಿಯರು ಹೇಳಿದ್ದು ಇದನ್ನೇ. ನಾಲ್ಕನೇ ದಿನ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ನೋಡಿದರೆ ನಾಳವೇ ಇಲ್ಲ, ಮೀಡಿಯಾದಲ್ಲಿ (ಸೆಲ್ಸ್ ಬೆಳೆಸುವ ಪೋಷಕ ದ್ರವ) ನಾಲ್ಕು ದಾರದ ಎಳೆ ತೇಲುತ್ತಿವೆ. ಹೀಗೆ ಎಷ್ಟೋ ಬ್ಯಾಚ್ ಹೋದವು. ಅಪ್ರೋಟಿನಿನ್ ಅನ್ನುವ ಔಷಧ ಹಾಕಿದರೆ ಕರಗುವುದು ನಿಲ್ಲುತ್ತದೆ, ಆದರೆ ಅದರ ಬೆಲೆಗೆ ವಾರಗಟ್ಟಲೆ ಹಾಕಲು ಆಗುವುದಿಲ್ಲ. ಪರಿಹಾರ ಸಿಕ್ಕಿದ್ದು ಎದುರಿನ ಮೆಡಿಕಲ್ ಶಾಪಿನಲ್ಲಿ. ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್, ರಕ್ತಸ್ರಾವಕ್ಕೆ ಕೊಡುವುದು, ಐದು ಎಂಎಲ್ ಆಂಪೂಲ್‌ನಲ್ಲಿ 500 ಮಿಲಿಗ್ರಾಂ, ನೂರು ರೂಪಾಯಿಯೂ ಇಲ್ಲ. ಡಾಕ್ಟ್ರ ಚೀಟಿ ಬೇಕು, ನಮ್ಮ ಸರ್ಜನ್ ಗೆಳೆಯರು ಬರೆದುಕೊಟ್ಟರು. ಒಂದು ಆಂಪೂಲ್ ತಿಂಗಳುಗಟ್ಟಲೆ ಬರುತ್ತದೆ.

ಹಾಗಂತ ಕೊನೆವರೆಗೂ ಅದೇ ಪ್ರಮಾಣ ಹಾಕಿದರೆ ನಾಳ ಕೊನೆವರೆಗೂ ಫೈಬ್ರಿನ್ನಾಗಿಯೇ ಉಳಿಯುತ್ತದೆ. ನಮಗೆ ಬೇಕಾದ್ದು ಅದಲ್ಲ. ಫೈಬ್ರಿನ್ ಕರಗಬೇಕು, ಅದರ ಜಾಗಕ್ಕೆ ಸೆಲ್ಸ್ ಕೊಲಾಜನ್ ತುಂಬಬೇಕು, ಎರಡೂ ಒಂದೇ ವೇಗದಲ್ಲಿ ನಡೆಯಬೇಕು. ಮೊದಲ ಎರಡು ವಾರ ಪೂರ್ತಿ ಪ್ರಮಾಣ, ಆಮೇಲೆ ಹಂತ ಹಂತವಾಗಿ ಇಳಿಸುವುದು. ಯಾವ ದಿನ ಎಷ್ಟು ಇಳಿಸಬೇಕು ಅನ್ನುವ ಪಟ್ಟಿ ನಮ್ಮ ಗೋಡೆ ಮೇಲಿದೆ, ಪೇಪರ್ ಬಂದಮೇಲೆ ಎಲ್ಲರಿಗೂ ಸಿಗುತ್ತದೆ. ಸದ್ಯಕ್ಕೆ ಒಂದು ಸುಳಿವು: ಕ್ಯಾಲೆಂಡರ್ ನೋಡಬೇಡಿ, ನಾಳದ ಬಣ್ಣ ನೋಡಿ. ಪಾರದರ್ಶಕ ಇರುವವರೆಗೆ ಇಳಿಸಬೇಡಿ.

ಅಚ್ಚು ಸುಲಭ. ಹೊರಗೆ ಗಾಜಿನ ಕೊಳವೆ, ಒಳಗೆ ನಾಲ್ಕು ಮಿಲಿಮೀಟರ್ ರಾಡ್, ಮೇಲೆ ಕೆಳಗೆ ಬಿರಡೆ. ರಾಡಿಗೆ ಪ್ಲೂರಾನಿಕ್ ಸವರಿ ಒಣಗಿಸಿದರೆ ಜೆಲ್ ಅಂಟುವುದಿಲ್ಲ. ನಿಲ್ಲಿಸಿ ಕೆಳಗಿನಿಂದ ತುಂಬಿಸಿ, ಗುಳ್ಳೆ ಬಂದರೆ ಆ ನಾಳವನ್ನು ಅಲ್ಲೇ ಕೈಬಿಡಿ. ಗುಳ್ಳೆ ಇದ್ದ ನಾಳ ಆ ಜಾಗದಲ್ಲೇ ಒಡೆಯುತ್ತದೆ, ಎರಡು ತಿಂಗಳು ಮೀಡಿಯಾ ಸುರಿದು ಅದನ್ನು ತಿಳಿದುಕೊಳ್ಳಬೇಕಾಗಿಲ್ಲ. ಮಿಲಿಲೀಟರಿಗೆ ಹತ್ತು ಲಕ್ಷ ಸೆಲ್ಸ್. ಜಾಸ್ತಿ ಹಾಕಿದರೆ ಗಟ್ಟಿ ಆಗುತ್ತದೆ ಅಂತ ಮೂರು ಪಟ್ಟು ಹಾಕಿ ನೋಡಿದೆವು. ವಾರದಲ್ಲೇ ಕುಗ್ಗಿ ಅಲ್ಲಲ್ಲಿ ಹರಿಯಿತು.

ತುದಿಗಳನ್ನು ಕಟ್ಟಬೇಕೋ ಬಿಡಬೇಕೋ ಅನ್ನುವುದರಲ್ಲಿ ನಮ್ಮ ಲ್ಯಾಬಿನಲ್ಲಿ ಜಗಳವೇ ಆಯಿತು. ಸೆಲ್ಸ್ ಜೆಲ್ ಅನ್ನು ಎಳೆದು ಕುಗ್ಗಿಸುತ್ತವೆ, ನಾಳ ದಿನೇ ದಿನೇ ಗಿಡ್ಡ ಆಗುತ್ತದೆ. ಅದನ್ನು ನೋಡಿ ಹೊಟ್ಟೆ ಉರಿದು ಹುಡುಗರು ಎರಡೂ ತುದಿ ದಾರದಿಂದ ಕಟ್ಟಿದರು. ಉದ್ದ ಉಳಿಯಿತು, ಬಲ ಹೋಯಿತು. ತುದಿ ಕಟ್ಟಿದರೆ ಸೆಲ್ಸ್ ಮತ್ತು ಎಳೆಗಳು ಉದ್ದಕ್ಕೆ ಸಾಲಾಗಿ ನಿಲ್ಲುತ್ತವೆ. ಒತ್ತಡ ತುಂಬಿದ ಕೊಳವೆಯಲ್ಲಿ ಸುತ್ತಲಿನ ಎಳೆತ ಉದ್ದದ ಎಳೆತಕ್ಕಿಂತ ಎರಡು ಪಟ್ಟು ಇರುತ್ತದೆ ಅಲ್ವಾ, ನಮಗೆ ಎಳೆಗಳು ಸುತ್ತ ಬೇಕು. ತುದಿ ಬಿಟ್ಟರೆ, ರಾಡ್ ನುಣುಪಾಗಿದ್ದರೆ, ನಾಳ ಉದ್ದಕ್ಕೆ ಕುಗ್ಗುತ್ತದೆ, ಸುತ್ತಳತೆಯಲ್ಲಿ ಕುಗ್ಗಲು ರಾಡ್ ಬಿಡುವುದಿಲ್ಲ, ಎಳೆಗಳು ತಾವಾಗಿ ಬಳೆಯ ದಿಕ್ಕಿಗೆ ತಿರುಗುತ್ತವೆ. ಹತ್ತು ಸೆಂಟಿಮೀಟರ್ ಬೇಕಾದರೆ ಅಚ್ಚು ಅದಕ್ಕಿಂತ ಬಹಳ ಉದ್ದ ಮಾಡಿಕೊಳ್ಳಿ, ಕುಗ್ಗಲಿ ಬಿಡಿ. ತುದಿ ಕಟ್ಟಿದವು ಇನ್ನೂರು ಮುನ್ನೂರಕ್ಕೇ ಉದ್ದುದ್ದ ಸೀಳಿಹೋದವು. ಆ ಕಾಲದಲ್ಲಿ ನಮಗೆ ಬಿಪಿ ನೋಡುವ ಮೀಟರೇ ಸಾಕಾಗಿತ್ತು, ಅದು 300ಕ್ಕೆ ನಿಲ್ಲುತ್ತದೆ. ಒಂದು ದಿನ ಮುಳ್ಳು 300ಕ್ಕೆ ಹೋಗಿ ತಾಗಿತು, ನಾಳ ಹಾಗೇ ಇತ್ತು. ಅವತ್ತು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದೆ. ಮಾರನೇ ದಿನ ದೊಡ್ಡ ಮೀಟರಿಗೆ ಇಂಡೆಂಟ್ ಹಾಕಿದೆ.

ಈಗ ನಾಳವನ್ನು ಹಿಗ್ಗಿಸುತ್ತಾ ಬೆಳೆಸುವ ಯಂತ್ರ, ಅಂದರೆ ಬಯೋರಿಯಾಕ್ಟರ್. ಹೊರದೇಶದ ಕಂಪನಿಯೊಂದು ನಮಗೆ ಕೊಟ್ಟ ಕೊಟೇಷನ್ ಇಪ್ಪತ್ತೈದು ಲಕ್ಷದ ಸುತ್ತ ಇತ್ತು, ಸಾಫ್ಟ್‌ವೇರ್ ಬೇರೆ. ನಮ್ಮದು ನಲವತ್ತು ನಲವತ್ತೈದು ಸಾವಿರದಲ್ಲಿ ಮುಗಿಯಿತು. ಜೆಸಿ ರಸ್ತೆಯಿಂದ ಕಾರಿನ ವೈಪರ್ ಮೋಟರ್. ಎಸ್‌ಪಿ ರಸ್ತೆಯಿಂದ ವೇಗ ಇಳಿಸುವ ಸರ್ಕ್ಯೂಟ್, ನಿಮಿಷಕ್ಕೆ ಮೂವತ್ತು ಸುತ್ತಿಗೆ ತಂದೆವು, ಅಂದರೆ ಎರಡು ಸೆಕೆಂಡಿಗೊಂದು ಮಿಡಿತ. ಮೋಟರ್ ಒಂದು ಚಕ್ರ ತಿರುಗಿಸುತ್ತದೆ, ಚಕ್ರದ ಮೇಲಿನ ಸ್ಕ್ರೂ ಸಿರಿಂಜಿನ ದಂಡವನ್ನು ಹಿಂದೆ ಮುಂದೆ ತಳ್ಳುತ್ತದೆ, ಸಿರಿಂಜಿನ ನೀರು ತೆಳು ಲೇಟೆಕ್ಸ್ ಕೊಳವೆಗಳಿಗೆ ಹೋಗುತ್ತದೆ, ಅವು ಉಬ್ಬಿದಾಗ ಮೇಲೆ ತೊಡಿಸಿದ ನಾಳವೂ ಹಿಗ್ಗುತ್ತದೆ. ಸ್ಕ್ರೂವನ್ನು ಮಧ್ಯದಿಂದ ದೂರ ಸರಿಸಿದಷ್ಟೂ ಹಿಗ್ಗು ಜಾಸ್ತಿ. ಪಾಲಿಕಾರ್ಬೊನೇಟ್ ಪೆಟ್ಟಿಗೆಗಳನ್ನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಅಲ್ಲಿನವರು ಡ್ರಾಯಿಂಗ್ ನೋಡಿ "ಇದೇನ್ ಸಾರ್, ಮೀನಿನ ತೊಟ್ಟಿನಾ?" ಅಂದರು. ರಕ್ತನಾಳ ಅಂತ ಹೇಳಿದ ಮೇಲೆ ಅಂಚುಗಳನ್ನು ಎಷ್ಟು ನುಣುಪು ಮಾಡಿಕೊಟ್ಟರೆಂದರೆ, ನಾನು ಕೇಳಿದ್ದಕ್ಕಿಂತ ಚೆನ್ನಾಗಿತ್ತು, ಜಾಸ್ತಿ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಮೋಟರ್ ಅನ್ನು ಇನ್‌ಕ್ಯುಬೇಟರ್ ಒಳಗೆ ಇಡಬೇಡಿ. ತೇವಕ್ಕೆ ತುಕ್ಕು ಹಿಡಿಯುತ್ತದೆ, ಬಿಸಿಯಾಗಿ ಒಳಗಿನ ತಾಪಮಾನ ಒಂದೂವರೆ ಡಿಗ್ರಿ ಏರುತ್ತದೆ. ಹೊರಗಿಟ್ಟು ಹಿಂದಿನ ತೂತಿನಿಂದ ಪೈಪ್ ಒಯ್ಯಿರಿ. ವೈಪರ್ ಮೋಟರ್ ಮಳೆಗಾಲದಲ್ಲಿ ಗಂಟೆಗಟ್ಟಲೆ ಓಡಲು ಮಾಡಿದ್ದು, ತಿಂಗಳುಗಟ್ಟಲೆ ಓಡಲು ಅಲ್ಲ. ಒಂದೂವರೆ ತಿಂಗಳಿಗೆ ಕಾರ್ಬನ್ ಬ್ರಷ್ ಸವೆದು ನಿಲ್ಲುತ್ತದೆ, ಅದೂ ಶನಿವಾರ ರಾತ್ರಿಯೇ ನಿಲ್ಲುತ್ತದೆ. ಒಂದು ಸ್ಪೇರ್ ಇಟ್ಟುಕೊಳ್ಳಿ, ಎಂಟುನೂರರಿಂದ ಸಾವಿರ ರೂಪಾಯಿ ಅಷ್ಟೇ. ಯುಪಿಎಸ್ ಮೋಟರಿಗೂ ಇರಲಿ. ಹಿಗ್ಗು ಅಳೆಯಲು ಲೇಸರ್ ಗೀಸರ್ ಏನೂ ಬೇಡ. ನಾಳದ ಪಕ್ಕ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ವಿಡಿಯೊ ತೆಗೆದು ಇಮೇಜ್-ಜೆ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಅಳೆಯಿರಿ.

ಎಲ್ಲಕ್ಕಿಂತ ಮುಖ್ಯ ಈ ಮಾತು. ಹಿಗ್ಗನ್ನು ಒಂದೇ ಮಟ್ಟದಲ್ಲಿ ಇಡಬೇಡಿ. ಮೊದಲ ದಿನದಿಂದ ಹತ್ತು ಪರ್ಸೆಂಟ್ ಇಟ್ಟರೆ ಹಸಿ ಜೆಲ್ ಹರಿಯುತ್ತದೆ. ಐದರಲ್ಲೇ ಕೊನೆವರೆಗೂ ಇಟ್ಟರೆ ಸೆಲ್ಸ್ ಒಂದು ವಾರ ಚುರುಕಾಗಿ ಕೆಲಸ ಮಾಡಿ ಆಮೇಲೆ ಅಭ್ಯಾಸ ಆಗಿ ಸುಮ್ಮನಾಗುತ್ತವೆ. ಮಿನಿಯಾಪೊಲಿಸ್‌ನವರು 2008ರಲ್ಲೇ ತೋರಿಸಿದ್ದಾರೆ, ಐದರಿಂದ ಹದಿನೈದು ಪರ್ಸೆಂಟಿಗೆ ಮೆಲ್ಲಗೆ ಏರಿಸಿದರೆ ಕೊಲಾಜನ್ನೂ ಬಲವೂ ಹೆಚ್ಚು ಅಂತ. ನಾನು ಓದಿದ್ದೆ, ಆದರೆ ಇಷ್ಟು ವ್ಯತ್ಯಾಸ ಬರುತ್ತದೆ ಅಂತ ನಂಬಿರಲಿಲ್ಲ. ನಮ್ಮಲ್ಲಿ ಎರಡು ವಾರ ಅಲುಗಾಡಿಸದೆ ಬಿಡುತ್ತೇವೆ, ಆಮೇಲೆ ಐದು ಪರ್ಸೆಂಟ್, ನಾಲ್ಕೈದು ದಿನಕ್ಕೊಮ್ಮೆ ಸ್ಕ್ರೂ ಅರ್ಧ ಸುತ್ತು, ಐದಾರು ವಾರಕ್ಕೆ ಹದಿನೈದರ ಹತ್ತಿರ. ಕೊಲಾಜನ್ ಎಷ್ಟಿದೆ ಅಂತ ತೋರಿಸುವ ಹೈಡ್ರಾಕ್ಸಿಪ್ರೋಲಿನ್ ಅಳೆದರೆ ಒಂದೇ ಮಟ್ಟದಲ್ಲಿ ಇಟ್ಟವಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು. ಒಡೆಯುವ ಒತ್ತಡ ಆರೇಳು ನೂರರಿಂದ ಸಾವಿರ ದಾಟಿತು. ಕೊಲಾಜನ್ ಹೆಚ್ಚಿಸುವ ಪ್ರೋಟೀನ್ ಟಿಜಿಎಫ್-ಬೀಟಾ ಅಂತ ಮೈಕ್ರೋಗ್ರಾಂ ಲೆಕ್ಕದಲ್ಲಿ ದುಡ್ಡು ಸುರಿಯುವವರು ಮೊದಲು ಈ ಸ್ಕ್ರೂ ತಿರುಗಿಸಿ ನೋಡಿ. ನಾವು ಅದನ್ನು ಮೊದಲ ಎರಡು ವಾರ ಮಾತ್ರ, ಅದೂ ಬಹಳ ಕಡಿಮೆ ಹಾಕುತ್ತೇವೆ. ಆಸ್ಕಾರ್ಬಿಕ್ ಆಸಿಡ್, ಅಂದರೆ ವಿಟಮಿನ್ ಸಿ, ಮಾತ್ರ ತಪ್ಪಿಸಬೇಡಿ. ಸಾದಾ ಆಸ್ಕಾರ್ಬೇಟ್ 37 ಡಿಗ್ರಿಯಲ್ಲಿ ಬೇಗ ಹಾಳಾಗುತ್ತದೆ, ಫಾಸ್ಫೇಟ್ ರೂಪದ್ದು ತರಿಸಿ, ವಾರಕ್ಕೆ ಮೂರು ಸಲ ಮೀಡಿಯಾ ಬದಲಿಸುವ ಕಡೆ ಎರಡು ಸಲ ಬದಲಿಸಿದರೂ ನಡೆಯುತ್ತದೆ. ಮೀಡಿಯಾಗೆ ಹಾಕುವ ಸೀರಮ್ ಅರ್ಧ ಲೀಟರಿಗೆ ನಲವತ್ತು ಸಾವಿರ ಕೊಡುವವರಿಗೆ ಇದು ಸಣ್ಣ ಉಳಿತಾಯ ಅಲ್ಲ.

ಲೇಟೆಕ್ಸ್ ಬಗ್ಗೆ ಒಂದು ಎಚ್ಚರಿಕೆ. ಅಂಗಡಿಯಿಂದ ತಂದ ಹಾಗೆ ಆಟೋಕ್ಲೇವ್ ಮಾಡಿ ಹಾಕಿದರೆ ಕೊಳವೆಗೆ ತಾಗಿದ ಸೆಲ್ಸ್ ಎರಡೇ ದಿನದಲ್ಲಿ ಸಾಯುತ್ತವೆ. ರಬ್ಬರ್ ಗಟ್ಟಿ ಮಾಡಲು ಹಾಕಿದ ಕೆಮಿಕಲ್ ಹೊರಗೆ ಬರುತ್ತದೆ. ಕುದಿಸಿದೆವು, ಸ್ಪಿರಿಟ್‌ನಲ್ಲಿ ನೆನೆಸಿದೆವು, ಸಾಲಲಿಲ್ಲ. ಕೊನೆಗೆ ಒಂದು ತೊಳೆಯುವ ಕ್ರಮ ಸಿಕ್ಕಿತು, ಮೂರು ಹಂತ, ಮಧ್ಯದ ಹಂತ ಅಡುಗೆಮನೆಯಲ್ಲಿ ಸಿಗುವ ವಸ್ತುವಿನದು. ಅದನ್ನು ಇಲ್ಲಿ ಬರೆಯುವುದಿಲ್ಲ, ಪೇಟೆಂಟ್ ಅರ್ಜಿ ಬರೆಯುತ್ತಿದ್ದೇವೆ. ಹೇಳಿದರೆ ನಗುತ್ತೀರಿ, ಅಷ್ಟು ಹೇಳಬಲ್ಲೆ.

ಫಂಗಸ್ ಕಾಟ ಎಲ್ಲರಿಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್ ನಮಗೆ ಕೆಟ್ಟ ಕಾಲ. ಎಂಟು ವಾರದ ಕೆಲಸ ಏಳನೇ ವಾರ ಬಿಳಿ ಬೂಸ್ಟು ಹಿಡಿದು ಹೋದರೆ ಬರುವ ಸಂಕಟ ಬಿಎಸ್ಸಿ ಓದುವಾಗಿನ ಮೂರು ದಿನದ ಕಲ್ಚರ್ ಹೋದಾಗ ಬರುವುದಿಲ್ಲ. ಆದರೆ ನಮ್ಮಲ್ಲಿ ಅರ್ಧದಷ್ಟು ಹಾನಿ ಆದದ್ದು ಫಂಗಸ್‌ನಿಂದ ಅಲ್ಲ, ಗಾಳಿ ಫಿಲ್ಟರ್ ಒದ್ದೆಯಾಗಿ ಕಟ್ಟಿಕೊಂಡು. 0.2 ಮೈಕ್ರಾನ್ ಫಿಲ್ಟರ್ ಒಳಕ್ಕೆ ಒಂದು ಹನಿ ಮೀಡಿಯಾ ಹೋದರೆ ಗಾಳಿ ಓಡಾಡುವುದಿಲ್ಲ, ಪೆಟ್ಟಿಗೆಯೊಳಗೆ ಒತ್ತಡ ಏರುತ್ತದೆ, ಮುಚ್ಚಳ ಸಡಿಲವಾಗುತ್ತದೆ, ಫಂಗಸ್ ಆಮೇಲೆ ಬರುತ್ತದೆ. ಫಿಲ್ಟರನ್ನು ಪೆಟ್ಟಿಗೆಗಿಂತ ಒಂದು ಗೇಣು ಮೇಲಕ್ಕೆ ಇಟ್ಟಮೇಲೆ ಕೆಡುವುದು ಗಣನೀಯವಾಗಿ ಇಳಿಯಿತು. ಇದನ್ನು ಯಾವ ಪೇಪರಿನ ವಿಧಾನ ವಿಭಾಗದಲ್ಲೂ ನಾನು ನೋಡಿಲ್ಲ.

ನಾಳ ಬೆಳೆಯುವ ಎರಡು ತಿಂಗಳು ಸುಮ್ನೆ ಕೂರಲು ಆಗುತ್ತದೆಯೇ? ಮಧ್ಯೆ ಬೇರೆ ಆಟಗಳೂ ನಡೆದವು. 2017ರಲ್ಲಿ ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್‌ನವರು ಪಾಲಕ್ ಎಲೆಯ ಸೆಲ್ಸ್ ತೊಳೆದು ಬರೀ ನಾಳಗಳ ಹಂದರ ಉಳಿಸಿಕೊಂಡದ್ದು ನಿಮಗೆ ನೆನಪಿರಬಹುದು. ನಮ್ಮ ಹುಡುಗರು ಪಾಲಕ್, ಬಸಳೆ, ವೀಳ್ಯದೆಲೆ ಮೂರರಲ್ಲೂ ಮಾಡಿದರು. ಬಸಳೆ ಲೋಳೆ ಲೋಳೆಯಾಗಿ ಕೈಗೆ ಸಿಗಲಿಲ್ಲ. ವೀಳ್ಯದೆಲೆಯ ತೊಟ್ಟು ಗಟ್ಟಿ, ಸಣ್ಣ ಸೂಜಿ ಚೆನ್ನಾಗಿ ಕೂರುತ್ತದೆ. ಎಲೆ ಮೇಲಿನ ಮೇಣ ಹೆಕ್ಸೇನ್‌ನಲ್ಲಿ ತೆಗೆದು, ಎಸ್‌ಡಿಎಸ್ ಅನ್ನುವ ಸೋಪಿನಂಥ ಡಿಟರ್ಜೆಂಟ್ ಹರಿಸಿದರೆ ವಾರದಲ್ಲಿ ಎಲೆ ಬೆಳ್ಳಗಾಗುತ್ತದೆ, ತೊಟ್ಟಿನಿಂದ ಕೆಂಪು ಬಣ್ಣ ಬಿಟ್ಟರೆ ನರನರಕ್ಕೂ ಓಡುತ್ತದೆ. ಕೆಲಸಕ್ಕೆ ಬಂತೇ ಅಂದರೆ ಇಲ್ಲ. ಓಪನ್ ಡೇಗೆ ಬಂದ ಶಾಲೆ ಮಕ್ಕಳು ಮಾತ್ರ ನಮ್ಮ ನಾಳದ ಕಡೆ ತಿರುಗಿಯೂ ನೋಡದೆ ಎಲೆ ಮುಂದೆಯೇ ನಿಂತಿದ್ದರು.

ಇನ್ನೊಂದು, ಬೊಂಬಾಯಿ ಮಿಠಾಯಿ. ದೊಡ್ಡ ನಾಳ ಮಾಡಿದರೆ ಮುಗಿಯಲಿಲ್ಲವಲ್ಲ, ಕೂದಲೆಳೆಯಂಥ ನಾಳಗಳ ಜಾಲ ಇಲ್ಲದೆ ದಪ್ಪ ಟಿಶ್ಯೂ ಬದುಕುವುದಿಲ್ಲ, ಆಕ್ಸಿಜನ್ ನೂರಿನ್ನೂರು ಮೈಕ್ರಾನ್ ಆಚೆಗೆ ಹೋಗುವುದಿಲ್ಲ. ಅಮೆರಿಕದ ಸಂಶೋಧಕ ಲಿಯಾನ್ ಬೆಲ್ಲನ್ ಮಿಠಾಯಿ ಯಂತ್ರದಲ್ಲೇ ಎಳೆ ನೂತು, ಅದನ್ನು ಜೆಲ್‌ನಲ್ಲಿ ಹುದುಗಿಸಿ, ಆಮೇಲೆ ಕರಗಿಸಿ ಕಾಲುವೆ ಮಾಡಿದ್ದರು. ಜಾತ್ರೆಯಲ್ಲಿ ಮಾರುವವರಿಂದ ಹಳೇ ಯಂತ್ರವೊಂದನ್ನು ಎರಡು ಸಾವಿರಕ್ಕೆ ತಂದೆವು. ಸಕ್ಕರೆ ಎಳೆ ಒದ್ದೆ ಜೆಲ್ ತಾಗಿದ ತಕ್ಷಣ ಮಾಯ. ಅವರೂ ಇದಕ್ಕೇ ಸಕ್ಕರೆ ಬಿಟ್ಟು, ಬೆಚ್ಚಗಿದ್ದರೆ ಗಟ್ಟಿ ಇದ್ದು ತಣ್ಣಗಾದರೆ ಕರಗುವ ಪಾಲಿಮರ್‌ಗೆ ಹೋದದ್ದು. ಆ ಪಾಲಿಮರ್ ತರಿಸಲು ಈಗ ದುಡ್ಡಿಲ್ಲ. ಯಂತ್ರ ಇದೆ, ಲ್ಯಾಬಿನಲ್ಲಿ ಹುಟ್ಟುಹಬ್ಬ ಇದ್ದಾಗ ಉಪಯೋಗಕ್ಕೆ ಬರುತ್ತದೆ. ಸೆಲ್ಸ್ ಕೆಲಸ ಮಾಡುವ ಹುಡ್‌ನ ಹತ್ತಿರ ಬರಬಾರದು ಅಂತ ಬೋರ್ಡ್ ಹಾಕಿದ್ದೇನೆ.

ಎಂಟೊಂಬತ್ತು ವಾರ ಆದಮೇಲೆ ನಾಳ ಬಿಳಿಯಾಗಿ, ಹಿಸುಕಿದರೆ ಮತ್ತೆ ಎದ್ದು ನಿಲ್ಲುವಂತೆ ಆಗಿರುತ್ತದೆ. ಆಗ ಸೆಲ್ಸ್ ತೊಳೆದುಬಿಡುತ್ತೇವೆ, ಇಲ್ಲದಿದ್ದರೆ ಬೇರೆಯವರ ಮೈ ಒಪ್ಪುವುದಿಲ್ಲ. ಒಂದು ಪರ್ಸೆಂಟ್ ಎಸ್‌ಡಿಎಸ್, ಆಮೇಲೆ ಟ್ರೈಟಾನ್ ಅನ್ನುವ ಇನ್ನೊಂದು ಡಿಟರ್ಜೆಂಟ್, ಆಮೇಲೆ ಡಿಎನ್ಎ ಕತ್ತರಿಸುವ ಡಿಎನ್ಏಸ್. ತೊಳೆಯುವುದರಲ್ಲಿ ಆತುರ ಮಾಡಿದ ಕಡೆಯೆಲ್ಲ ಏಟು ತಿಂದಿದ್ದೇವೆ. ಚೂರು ಎಸ್‌ಡಿಎಸ್ ಉಳಿದರೂ ಮೇಲೆ ಬಿತ್ತಿದ ಎಂಡೋಥೀಲಿಯಲ್ ಸೆಲ್ಸ್ ರಾತ್ರಿ ಕಳೆಯುವುದರೊಳಗೆ ಸತ್ತಿರುತ್ತವೆ. ನಮ್ಮ ಪರೀಕ್ಷೆ ಸುಲಭ: ಕೊನೆ ತೊಳೆದ ನೀರನ್ನು ಟ್ಯೂಬಿನಲ್ಲಿ ಜೋರಾಗಿ ಅಲ್ಲಾಡಿಸಿ, ನೊರೆ ಒಂದು ನಿಮಿಷ ನಿಂತರೆ ಇನ್ನೂ ಎರಡು ದಿನ ತೊಳೆಯಿರಿ. ತೊಳೆದ ಮೇಲೆ ಒಡೆಯುವ ಒತ್ತಡ ಇಳಿಯಬಹುದು ಅಂತ ಹೆದರಿದ್ದೆ, ಇಳಿಯಲಿಲ್ಲ. ಹೋಲಿಸಿ ನೋಡಲು ಮಟನ್ ಅಂಗಡಿಯಿಂದ ಬೆಳಗಿನ ಜಾವ ತಂದ ಮೇಕೆಯ ಕರೋಟಿಡ್ ಆರ್ಟರಿಯನ್ನೂ ಹೀಗೇ ತೊಳೆದು ಒತ್ತಡ ಕೊಟ್ಟೆವು. ಅದು ನಮ್ಮ ಹೊಸ ಮೀಟರಿನ ಕೊನೆ ಮುಟ್ಟಿತು, ಒಡೆಯಲೇ ಇಲ್ಲ. ಮೇಕೆಯ ಮುಂದೆ ನಾವು ಇನ್ನೂ ಸಣ್ಣವರು.

ಹೊಲಿಗೆ ನಿಲ್ಲಬೇಕಲ್ಲ. ಸರ್ಜನ್ ಗೆಳೆಯರು ಮೊದಲ ನಾಳಗಳಿಗೆ ಪ್ರೋಲೀನ್ ಅನ್ನುವ ಹೊಲಿಗೆ ದಾರ ಹಾಕಿದಾಗ ಬೆಣ್ಣೆಗೆ ಸೂಜಿ ಚುಚ್ಚಿದ ಹಾಗಿದೆ ಅಂತ ಎತ್ತಿಟ್ಟಿದ್ದರು. ಕಳೆದ ಸಲ ಅಂಚಿನಿಂದ ಎರಡು ಮಿಲಿಮೀಟರ್ ಒಳಗೆ ಹೊಲಿಗೆ ಹಾಕಿ ನೂರು ಗ್ರಾಂ ಹತ್ತಿರ ತೂಕ ತೂಗಿಬಿಟ್ಟೆವು, ಹರಿಯಲಿಲ್ಲ. ಡಾಕ್ಟ್ರು ಏನೂ ಹೇಳಲಿಲ್ಲ, ಇನ್ನೊಂದು ಹೊಲಿಗೆ ಹಾಕಿದರು, ಆಮೇಲೆ ಇನ್ನೊಂದು. ಅವರ ಮಟ್ಟಿಗೆ ಅದು ಹೊಗಳಿಕೆ.

ಒಳಪದರ ಮಾತ್ರ ಇನ್ನೂ ಅರ್ಧಂಬರ್ಧ. ತಿರುಗಿಸುತ್ತಾ ಬಿತ್ತಿದರೆ ಎಲ್ಲ ಕಡೆ ಹಿಡಿಯುತ್ತದೆ, ಹರಿವು ಬಿಟ್ಟ ಕೂಡಲೇ ಒಂದಷ್ಟು ಕಿತ್ತುಬರುತ್ತದೆ. ಹರಿವನ್ನು ನಾಲ್ಕು ದಿನ ಎಳೆದು ಎಳೆದು ಏರಿಸಿದರೆ ಮುಕ್ಕಾಲು ಭಾಗ ನಿಲ್ಲುತ್ತದೆ. ಆರು ಮಿಲಿಮೀಟರಿಗಿಂತ ಸಣ್ಣ ನಾಳದಲ್ಲಿ ಮುಕ್ಕಾಲು ಸಾಕಾಗುವುದಿಲ್ಲ, ಈಗ ಬಳಸುವ ಪಿಟಿಎಫ್ಇ ಪ್ಲಾಸ್ಟಿಕ್ ಕೊಳವೆಗಳು ಹೆಪ್ಪುಗಟ್ಟಿ ಸೋಲುವುದೇ ಅಲ್ಲಿ. ಕುರಿಯಲ್ಲಿ ಹಾಕಿ ನೋಡಲು ಪ್ರಾಣಿ ಪ್ರಯೋಗದ ಸಮಿತಿಗೆ ಅರ್ಜಿ ಹೋಗಿದೆ. ಮೊದಲು ಒಳಪದರ ಇಲ್ಲದೆ, ಆಮೇಲೆ ಇದ್ದು, ಎರಡೂ ಕೇಳಿದ್ದೇವೆ.

ಪೆಟ್ಟಿಗೆಯ ಡ್ರಾಯಿಂಗ್, ಮೋಟರ್ ಸರ್ಕ್ಯೂಟ್, ಕನ್ನಡದ ಒಪ್ಪಿಗೆ ಪತ್ರ ಯಾರು ಕೇಳಿದರೂ ಕೊಡುತ್ತೇನೆ. ಟ್ರಾನೆಕ್ಸಾಮಿಕ್ ಪಟ್ಟಿ ಮತ್ತು ಲೇಟೆಕ್ಸ್ ತೊಳೆಯುವ ಕ್ರಮ ಮಾತ್ರ ಈಗ ಕೇಳಬೇಡಿ. ಬ್ಲಡ್ ಬ್ಯಾಂಕಿಗೆ ಹೋಗುವವರು ತಿಂಗಳ ಕೊನೆಯ ವಾರ ಹೋಗಿ, ಅವಧಿ ಮುಗಿದ ಚೀಲಗಳ ಲೆಕ್ಕ ಅವರು ಹಾಕುವುದು ಆವಾಗಲೇ.